ಕೊಲೆಸ್ಟರಾಲ್‌ಗೆ ಹೆದರಿ ಕಾಫಿ ಬಿಡುವ ಮೊದಲು, ಅದನ್ನು ಹೇಗೆ ಸೋಸುತ್ತೀರಿ ನೋಡಿ

ಶಿರಸಿಯಲ್ಲೋ ಕುಮಟೆಯಲ್ಲೋ ಕಾರವಾರದಲ್ಲೋ ಲ್ಯಾಬಿನಿಂದ ರಕ್ತಪರೀಕ್ಷೆಯ ವರದಿ ಕೈಗೆ ಬಂದ ದಿನವೇ ಹಲವು ಮನೆಗಳಲ್ಲಿ ಮೊದಲ ತೀರ್ಪು ಕಾಫಿಯ ಮೇಲೆ ಬೀಳುತ್ತದೆ. ‘ಕೆಟ್ಟ ಕೊಲೆಸ್ಟರಾಲ್’ ಎನ್ನುವ ಎಲ್‌ಡಿಎಲ್ ಎದುರು ದಪ್ಪಕ್ಷರದ ಅಂಕಿ ಕಂಡರೆ ಸಾಕು, ನಾಳೆಯಿಂದ ಕಾಫಿ ಬಂದ್. ತುಪ್ಪ, ತೆಂಗಿನಕಾಯಿ, ಸಕ್ಕರೆಗಳ ಸರದಿ ಆಮೇಲೆ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸಲಹೆ ಸೇರಿಕೊಂಡಿದೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಒಂದು ಕೋನ್‌ ಆಕಾರದ ಡ್ರಿಪ್ಪರನ್ನೂ ಕಾಗದದ ಫಿಲ್ಟರ್‌ಗಳ ಪೊಟ್ಟಣವನ್ನೂ ಕಳಿಸಿ, ‘ಇನ್ನು ಮೇಲೆ ಇದರಲ್ಲೇ ಮಾಡಿ, ಕೊಲೆಸ್ಟರಾಲ್ ಏರೋದಿಲ್ಲ’ ಎನ್ನುತ್ತಾರೆ. ಅಡುಗೆಮನೆಯ ಹಿರಿಯರಿಗೆ ಅದು ಪೇಟೆಯ ಖಯಾಲಿಯಾಗಿ ಕಾಣುತ್ತದೆ. ಕಳಿಸಿದವರಿಗೆ ಅದು ಔಷಧಿಯ ಹಾಗೆ ಕಾಣುತ್ತದೆ.

ಕಾಗದದ ಮಾತಿನಲ್ಲಿ ಹುರುಳಿದೆ. ಅದರ ಹಿಂದೆ ನಲವತ್ತು ವರ್ಷಗಳ ಗಟ್ಟಿ ಸಂಶೋಧನೆ ಇದೆ. ಆದರೆ ಆ ಲಾಭ ಯಾರಿಗೆ, ಎಷ್ಟು ಎಂಬುದು ನಿಮ್ಮ ಮನೆಯಲ್ಲಿ ಈಗ ಕಾಫಿ ಹೇಗೆ ತಯಾರಾಗುತ್ತದೆ ಎಂಬುದರ ಮೇಲೆ ನಿಂತಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಇನ್ನೊಂದು ಸಂಗತಿಯೂ ಇದೆ. ಕಾಗದ ಮಾಡುವ ಕೆಲಸವನ್ನು ಬಹುಪಾಲು ಮಾಡಬಲ್ಲ ಒಂದು ವಸ್ತು ಹಿಂದೆ ಇಲ್ಲಿನ ಅಡುಗೆಮನೆಗಳಲ್ಲೇ ಇತ್ತು. ಪ್ಲಾಸ್ಟಿಕ್ ಜಾಲರಿ ಬಂದ ಮೇಲೆ ಅದು ಮೂಲೆಗೆ ಸೇರಿತು. ಆ ವಸ್ತು, ಕಾಫಿ ಸೋಸುವ ಅರಿವೆ.

ಬೀಜದ ಎಣ್ಣೆಯಲ್ಲಿ ಏನಿದೆ

ಕಾಫಿಯಲ್ಲಿ ಕೊಲೆಸ್ಟರಾಲ್ ಇಲ್ಲ. ಅದು ಪ್ರಾಣಿಮೂಲದ ಆಹಾರದಲ್ಲಿರುವಂಥದ್ದು. ಆದರೆ ಕಾಫಿಬೀಜದಲ್ಲಿ ಎಣ್ಣೆಯಿದೆ, ಅರೇಬಿಕಾದಲ್ಲಿ ತೂಕದ ಸುಮಾರು 15 ಪ್ರತಿಶತ, ರೊಬಸ್ಟಾದಲ್ಲಿ ಸುಮಾರು 10 ಪ್ರತಿಶತ. ಈ ಎಣ್ಣೆಯಲ್ಲಿ ಕೆಫೆಸ್ಟಾಲ್ ಮತ್ತು ಕಹ್ವಿಯೋಲ್ ಎಂಬ ಎರಡು ಸಂಯುಕ್ತಗಳಿವೆ. ಹೆಚ್ಚು ತೊಂದರೆ ಕೊಡುವುದು ಕೆಫೆಸ್ಟಾಲ್.

ಅದು ಕೆಲಸ ಮಾಡುವ ಬಗೆ ಹೀಗೆ. ನಮ್ಮ ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನು ಖರ್ಚು ಮಾಡುವ ಮುಖ್ಯ ದಾರಿಗಳಲ್ಲಿ ಪಿತ್ತರಸದ ಆಮ್ಲಗಳ ತಯಾರಿಕೆ ಒಂದು. ಕರುಳಿನಲ್ಲಿ ಪಿತ್ತಾಮ್ಲ ಸಾಕಷ್ಟಿದೆಯೇ ಎಂದು ಅಳೆಯುವ ಒಂದು ಗ್ರಾಹಕವಿದೆ, ಹೆಸರು ಎಫ್‌ಎಕ್ಸ್‌ಆರ್. ಕೆಫೆಸ್ಟಾಲ್ ಹೋಗಿ ಈ ಗ್ರಾಹಕವನ್ನು ಎಬ್ಬಿಸುತ್ತದೆ. ‘ಪಿತ್ತ ಬೇಕಾದಷ್ಟಿದೆ, ತಯಾರಿ ನಿಲ್ಲಿಸು’ ಎಂಬ ಸುಳ್ಳು ಸಂದೇಶ ಯಕೃತ್ತಿಗೆ ತಲುಪುತ್ತದೆ. ಪಿತ್ತಾಮ್ಲದ ತಯಾರಿ ತಗ್ಗುತ್ತದೆ, ಖರ್ಚಾಗಬೇಕಿದ್ದ ಕೊಲೆಸ್ಟರಾಲ್ ರಕ್ತದಲ್ಲೇ ಉಳಿಯುತ್ತದೆ. ಅಮೆರಿಕದ ಹ್ಯೂಸ್ಟನ್‌ನ ಬೇಯ್ಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಕೆಲಸದಿಂದ ಈ ದಾರಿ ಸ್ಪಷ್ಟವಾಯಿತು.

ಆದರೆ ಅನುಮಾನ ಹುಟ್ಟಿದ್ದು ಅದಕ್ಕೂ ಬಹಳ ಮೊದಲು, ನಾರ್ವೆಯ ಉತ್ತರ ತುದಿಯ ಟ್ರಾಮ್ಸೋ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿನ ಜನರ ಹೃದಯದ ಆರೋಗ್ಯವನ್ನು ಅಧ್ಯಯನ ಮಾಡುತ್ತಿದ್ದವರು 1983ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ಹೆಚ್ಚು ಕಾಫಿ ಕುಡಿಯುವವರಲ್ಲಿ ಕೊಲೆಸ್ಟರಾಲ್ ಹೆಚ್ಚು. ಉಳಿದ ದೇಶಗಳ ಅಧ್ಯಯನಗಳಲ್ಲಿ ಇದು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಯಾಕೆ ಹೀಗೆ ಎಂದು ಹುಡುಕುತ್ತ ಹೋದಾಗ ಗಮನ ಕಾಫಿ ಮಾಡುವ ಕ್ರಮದ ಕಡೆ ತಿರುಗಿತು. ಉತ್ತರದ ಆ ನಾಡುಗಳಲ್ಲಿ ನೀರಿಗೆ ಪುಡಿ ಹಾಕಿ, ಕುದಿಸಿ, ಚರಟ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಸೋಸುವ ಪದ್ಧತಿಯೇ ಇರಲಿಲ್ಲ. ಫಿನ್ಲೆಂಡ್, ನೆದರ್ಲೆಂಡ್‌ಗಳಲ್ಲಿ ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ಕುದಿಸಿದ ಕಾಫಿ, ಇನ್ನೊಂದಕ್ಕೆ ಕಾಗದದಲ್ಲಿ ಸೋಸಿದ ಕಾಫಿ ಕೊಟ್ಟು ನೋಡಿದರು. ಮೊದಲ ಗುಂಪಿನಲ್ಲಿ ಕೊಲೆಸ್ಟರಾಲ್ ಏರಿತು, ಎರಡನೆಯದರಲ್ಲಿ ಹಾಗಾಗಲಿಲ್ಲ. ಕುದಿಸಿದ ಅದೇ ಕಾಫಿಯನ್ನು ಕಾಗದದ ಮೂಲಕ ಹಾಯಿಸಿ ಕೊಟ್ಟಾಗಲೂ ಏರಲಿಲ್ಲ. ತಪ್ಪು ಕುದಿಸುವುದರಲ್ಲಿಲ್ಲ, ಸೋಸದಿರುವುದರಲ್ಲಿದೆ ಎಂದು ಆಗ ಖಚಿತವಾಯಿತು. 1990ರ ದಶಕದ ನಡುವೆ ಕೆಫೆಸ್ಟಾಲ್ ಹೆಸರು ಹಿಡಿದು ಸಿಕ್ಕಿತು.

ಪ್ರಮಾಣದ ಲೆಕ್ಕ ತಿಳಿಯದೆ ಹೆದರಿಕೆಯೂ ಹೆಚ್ಚು, ಭರವಸೆಯೂ ಹೆಚ್ಚು ಆಗುತ್ತದೆ. ಹಾಗಾಗಿ ಅಂಕಿಗಳನ್ನು ನೋಡೋಣ. ಕುದಿಸಿ ಸೋಸದ ಕಾಫಿ, ಟರ್ಕಿ ಪದ್ಧತಿಯ ಕಾಫಿ, ಫ್ರೆಂಚ್ ಪ್ರೆಸ್ (ನೆನೆದ ಪುಡಿಯನ್ನು ಲೋಹದ ಜಾಲರಿಯಿಂದ ತಳಕ್ಕೆ ಒತ್ತುವ ಪಾತ್ರೆ) ಕಾಫಿ, ಇವುಗಳ ಒಂದು ಕಪ್ಪಿನಲ್ಲಿ ಸುಮಾರು 3ರಿಂದ 6 ಮಿಲಿಗ್ರಾಂ ಕೆಫೆಸ್ಟಾಲ್ ಇರುತ್ತದೆ. ಎಸ್ಪ್ರೆಸೊದ ಪುಟ್ಟ ಕಪ್ಪಿನಲ್ಲಿ 1ರಿಂದ 2 ಮಿಲಿಗ್ರಾಂ. ಕಾಗದದಲ್ಲಿ ಸೋಸಿದ್ದರಲ್ಲಿ ಹೆಚ್ಚುಕಡಿಮೆ 0.1 ಮಿಲಿಗ್ರಾಂ. ಇನ್‌ಸ್ಟಂಟ್ ಕಾಫಿಯಲ್ಲಿಯೂ ಅಷ್ಟೇ ಅತ್ಯಲ್ಪ. ದಿನಕ್ಕೆ 10 ಮಿಲಿಗ್ರಾಂ ಕೆಫೆಸ್ಟಾಲ್ ಹೊಟ್ಟೆಗೆ ಹೋದರೆ ರಕ್ತದ ಕೊಲೆಸ್ಟರಾಲ್ ಸುಮಾರು 5 ಮಿಲಿಗ್ರಾಂ (ಪ್ರತಿ ಡೆಸಿಲೀಟರಿಗೆ) ಏರುತ್ತದೆ ಎಂಬುದು ಡಚ್ (ನೆದರ್ಲೆಂಡ್‌ನ) ಸಂಶೋಧಕರ ಅಂದಾಜು. 1996ರಲ್ಲಿ ಪ್ರಕಟವಾದ ಅವರದೇ ಒಂದು ಪ್ರಯೋಗದಲ್ಲಿ 46 ಆರೋಗ್ಯವಂತರು 24 ವಾರ ದಿನಕ್ಕೆ ಐದಾರು ಗಟ್ಟಿ ಕಪ್ ಕಾಫಿ ಕುಡಿದರು, ಕೆಲವರು ಫ್ರೆಂಚ್ ಪ್ರೆಸ್‌ನದು, ಉಳಿದವರು ಕಾಗದದಲ್ಲಿ ಸೋಸಿದ್ದು. ಪ್ರೆಸ್ ಗುಂಪಿನ ಎಲ್‌ಡಿಎಲ್ ಸುಮಾರು 10 ಮಿಲಿಗ್ರಾಂ ಹೆಚ್ಚಾಯಿತು. ಯಕೃತ್ತಿನ ಒಂದು ಕಿಣ್ವವೂ ಏರಿ, ಕಾಫಿ ನಿಲ್ಲಿಸಿದ ಮೇಲೆ ಮೊದಲಿನ ಮಟ್ಟಕ್ಕೆ ಇಳಿಯಿತು.

ಎಲ್‌ಡಿಎಲ್ 160 ಇರುವವರಿಗೆ 10 ಅಂಕ ಇಳಿಯುವುದು ಸಣ್ಣದಲ್ಲ. ಏನನ್ನೂ ಬಿಡದೆ, ಸೋಸುವ ಕ್ರಮವೊಂದನ್ನೇ ಬದಲಿಸಿ ಅಷ್ಟು ಸಿಗುವುದಾದರೆ ಪಡೆದುಕೊಳ್ಳಲೇಬೇಕು. ಆದರೆ ಅದರಿಂದ 160 ಇದ್ದದ್ದು 100 ಆಗುವುದಿಲ್ಲ. ವೈದ್ಯರು ಬರೆದುಕೊಡುವ ಸ್ಟಾಟಿನ್ ಮಾತ್ರೆಗಳು ಎಲ್‌ಡಿಎಲ್ ಅನ್ನು ಪ್ರಮಾಣಕ್ಕೆ ತಕ್ಕಂತೆ ಶೇಕಡಾ 30ರಿಂದ 50ರಷ್ಟು ಇಳಿಸುತ್ತವೆ. ಕಾಗದದ ಫಿಲ್ಟರ್ ಬಂತೆಂದು ಆ ಮಾತ್ರೆ ಬಿಡುವವರಿದ್ದರೆ ದಯವಿಟ್ಟು ಬಿಡಬೇಡಿ.

ನಮ್ಮ ಒಲೆಯ ಮೇಲಿನ ಕಾಫಿ

ಉತ್ತರ ಕನ್ನಡದಲ್ಲಿ ಕಾಫಿಯ ಕ್ರಮ ಒಂದೇ ಅಲ್ಲ. ಕಾರವಾರ, ಅಂಕೋಲೆಯ ಕಡೆ ಚಾದ್ದೇ ಕಾರುಬಾರು. ಚಹಾದಲ್ಲಿ ಕೆಫೆಸ್ಟಾಲ್ ಇಲ್ಲವೇ ಇಲ್ಲ, ಹಾಗಾಗಿ ಚಾ ಕುಡಿಯುವವರು ಈ ಕಾಗದದ ಚರ್ಚೆಯಿಂದ ಆರಾಮಾಗಿ ಹೊರಗಿರಬಹುದು. ಕೈಗಾ ಸ್ಥಾವರ, ನೌಕಾನೆಲೆಗಳ ವಸತಿಗಳಿಗೆ ಬೇರೆ ಊರುಗಳಿಂದ ಬಂದ ಮನೆಗಳಲ್ಲಿ ಸ್ಟೀಲ್ ಫಿಲ್ಟರ್ ಇದೆ. ಗೋಕರ್ಣದ ಕಡಲತೀರದ ಕೆಫೆಗಳಲ್ಲಿ ಫ್ರೆಂಚ್ ಪ್ರೆಸ್, ಎಸ್ಪ್ರೆಸೊ ಸಿಗುತ್ತವೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗೆ ಹೋದರೆ ‘ಆಸ್ರಿಗೆ ಎಂತ ಮಾಡವು?’ ಎಂದು ಕೇಳುತ್ತಾರೆ, ಕಷಾಯ, ಚಾ, ಕಾಫಿ ಮೂರೂ ಇರುತ್ತವೆ. ಕೊತ್ತಂಬರಿ, ಜೀರಿಗೆಯ ಕಷಾಯ ಈ ಲೆಕ್ಕದಲ್ಲಿ ನಿರಪರಾಧಿ. ಕಾಫಿಯಾದರೆ ಹಳೆಯ ಕ್ರಮದಲ್ಲಿ ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ, ಇಳಿಸಿ, ಸ್ವಲ್ಪ ಹೊತ್ತು ಮುಚ್ಚಿಟ್ಟು, ಅರಿವೆಯಲ್ಲಿ ಸೋಸಿ ಹಾಲು ಬೆರೆಸುತ್ತಿದ್ದರು.

ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ಈ ಹಳೆಯ ಕ್ರಮದಲ್ಲಿ ಕುದಿಸುವುದು ಹಾಗೇ ಉಳಿದಿದೆ, ಸೋಸುವುದು ಬದಲಾಗಿದೆ. ಅರಿವೆ ತೊಳೆಯುವುದು, ಒಣಗಿಸುವುದು ರಗಳೆ ಎನಿಸಿ ಅದರ ಜಾಗಕ್ಕೆ ಚಾ ಸೋಸುವ ಸ್ಟೀಲ್ ಅಥವಾ ಪ್ಲಾಸ್ಟಿಕ್ ಜಾಲರಿ ಬಂತು. ಜಾಲರಿ ತಡೆಯುವುದು ಚಹಾಪುಡಿಯಂಥ ದಪ್ಪ ಕಣಗಳನ್ನು. ಕಾಫಿಯ ನುಣುಪು ಪುಡಿಯೂ ಎಣ್ಣೆಯ ಹನಿಗಳೂ ಅದರೊಳಗಿಂದ ಸಲೀಸಾಗಿ ಲೋಟಕ್ಕೆ ಇಳಿಯುತ್ತವೆ. ಲೋಟದ ತಳದಲ್ಲಿ ಉಳಿಯುವ ಕರಿ ಮಡ್ಡಿಯೇ ಅದಕ್ಕೆ ಸಾಕ್ಷಿ. ನಮಗೆ ಗೊತ್ತಿಲ್ಲದ ಹಾಗೆ ನಾವು ಟ್ರಾಮ್ಸೋದ ಕಾಫಿಗೆ ಹತ್ತಿರ ಬಂದುಬಿಟ್ಟಿದ್ದೇವೆ.

ಅರಿವೆಯ ಪರವಾಗಿ ಮಾತಾಡುವುದು ಹಳೆಯದರ ಮೇಲಿನ ಮೋಹದಿಂದಲ್ಲ. ಅದಕ್ಕೆ ಅಳತೆಯ ಆಧಾರವಿದೆ. ಸಿಂಗಾಪುರದ ಸಾಂಪ್ರದಾಯಿಕ ಕಾಫಿಯಂಗಡಿಗಳಲ್ಲಿ ಉದ್ದನೆಯ ಕಾಲುಚೀಲದಂಥ ಬಟ್ಟೆಯಲ್ಲಿ ಕಾಫಿ ಸೋಸುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಂಗಾಪುರ, ಇಂಡೋನೇಷ್ಯಾ, ಭಾರತಗಳ ಕಾಫಿಗಳನ್ನು ಪರೀಕ್ಷಿಸಿತು. ಬಟ್ಟೆಯಲ್ಲಿ ಸೋಸಿದ ಸಿಂಗಾಪುರದ ಕಾಫಿಯಲ್ಲಿ ಈ ಸಂಯುಕ್ತಗಳು ನಗಣ್ಯವಾಗಿದ್ದವು. ಭಾರತದ, ಇಂಡೋನೇಷ್ಯಾದ ಸಾಂಪ್ರದಾಯಿಕ ಕಾಫಿಯಲ್ಲಿ ಅವು ಹೆಚ್ಚಿದ್ದವು. 2025ರಲ್ಲಿ ಸ್ವೀಡನ್ನಿನ ಉಪ್ಸಾಲಾ ಮತ್ತು ಚಾಲ್ಮರ್ಸ್ ವಿಶ್ವವಿದ್ಯಾಲಯಗಳವರು ಕಚೇರಿಗಳ ಕಾಫಿಯಂತ್ರಗಳನ್ನು ಪರೀಕ್ಷಿಸಿದಾಗ ಹೋಲಿಕೆಗೆಂದು ಬೇರೆ ಕ್ರಮಗಳನ್ನೂ ಅಳೆದರು. ಕುದಿಸಿದ ಕಾಫಿಯ ಒಂದು ಲೀಟರಿನಲ್ಲಿ 939 ಮಿಲಿಗ್ರಾಂ ಕೆಫೆಸ್ಟಾಲ್ ಇತ್ತು. ಅದೇ ಕಾಫಿಯನ್ನು ಬಟ್ಟೆಯಲ್ಲಿ ಸೋಸಿದ ಮೇಲೆ 28. ಕಾಗದದಲ್ಲಿ ಸೋಸಿದ ಮಾಮೂಲಿ ಕಾಫಿಯಲ್ಲಿ ಸುಮಾರು 12. ಕಚೇರಿಯ ಯಂತ್ರಗಳು ಲೋಹದ ಜಾಲರಿಯವು, ಅವುಗಳಲ್ಲಿ ಸುಮಾರು 176. (ಸ್ವೀಡನ್ನಿನ ಈ ಅಂಕಿಗಳು ಮೇಲೆ ಕಪ್ಪಿನ ಲೆಕ್ಕದಲ್ಲಿ ಹೇಳಿದ ಹಳೆಯ ಅಂಕಿಗಳಿಗಿಂತ ಬಹಳ ಹೆಚ್ಚು. ಪುಡಿ, ಅಳತೆ, ಪರೀಕ್ಷಾವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದರೆ ಯಾವ ಕ್ರಮದಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬ ಸರಣಿ ಎರಡರಲ್ಲೂ ಒಂದೇ.)

ಹಾಗೆಂದು ಎಲ್ಲ ಬಟ್ಟೆಯೂ ಒಂದೇ ಅಲ್ಲ. ಮೊಸರು ಕಟ್ಟುವ ತೆಳು ಮಲ್ಲಿನ ಒಂದೇ ಪದರದಿಂದ ಈ ಫಲ ನಿರೀಕ್ಷಿಸಬಾರದು. ನೇಯ್ಗೆ ಒತ್ತಾಗಿರುವ, ಬಣ್ಣ ಹಾಕದ ಹತ್ತಿಬಟ್ಟೆ ಬೇಕು, ಎರಡು ಮಡಿಕೆ ಇದ್ದರೆ ಒಳ್ಳೆಯದು. ಸೋಸುವಾಗ ಹಿಂಡಬಾರದು. ಹಿಂಡಿದರೆ ತಡೆದಿಟ್ಟ ನುಣುಪು ಪುಡಿ, ಎಣ್ಣೆ ಎಲ್ಲ ಮತ್ತೆ ಲೋಟಕ್ಕೇ ಬರುತ್ತದೆ. ತಾನಾಗಿ ಇಳಿಯಲು ಬಿಡಬೇಕು.

ಇನ್ನು ಸ್ಟೀಲ್ ಅಥವಾ ಹಿತ್ತಾಳೆಯ ಫಿಲ್ಟರ್. ಹೆಸರಿನಲ್ಲಿ ಫಿಲ್ಟರ್ ಇದ್ದ ಮಾತ್ರಕ್ಕೆ ಅದನ್ನು ಕಾಗದದ ಸಾಲಿಗೆ ಸೇರಿಸುವಂತಿಲ್ಲ. ಅದು ಲೋಹದ ತೂತುಗಳ ಮೂಲಕವೇ ಇಳಿಯುವ ಡಿಕಾಕ್ಷನ್. ಆದರೂ ಕುದಿಸಿದ ಕಾಫಿಯಷ್ಟು ಅದನ್ನು ದೂರುವುದೂ ಸರಿಯಲ್ಲ, ಯಾಕೆಂದರೆ ಒತ್ತಿ ಕೂರಿಸಿದ ಪುಡಿಯ ಹಾಸೇ ಒಂದಿಷ್ಟು ಎಣ್ಣೆಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಬ್ರೆಜಿಲ್‌ನ ಸಂಶೋಧಕರು ಕಾಗದದಲ್ಲಿ ಸೋಸುವಾಗ ಕೆಫೆಸ್ಟಾಲ್ ಎಲ್ಲಿ ಉಳಿಯುತ್ತದೆ ಎಂದು ಹುಡುಕಿದಾಗ ಬಹುಪಾಲು ಸಿಕ್ಕಿದ್ದು ಚರಟದಲ್ಲೇ. ಕಾಗದ ಹೀರಿಕೊಂಡದ್ದು ಅದಕ್ಕಿಂತ ತುಂಬ ಕಡಿಮೆ. ಕಾಗದದ ದೊಡ್ಡ ಉಪಕಾರವೆಂದರೆ ಆ ಚರಟದ ಒಂದು ಕಣವೂ ಕೆಳಗೆ ಜಾರದಂತೆ ನೋಡಿಕೊಳ್ಳುವುದು. ಹೀಗಾಗಿ ಸ್ಟೀಲ್ ಫಿಲ್ಟರಿನ ಕಾಫಿ ಕುದಿಸಿದ್ದಕ್ಕೂ ಕಾಗದದ್ದಕ್ಕೂ ನಡುವೆ ನಿಲ್ಲುತ್ತದೆ.

ಎರಡು ಸಂಗತಿ ಇಲ್ಲಿ ನಮ್ಮ ಪರವಾಗಿವೆ. ಒಂದು ಚಿಕೋರಿ. ಅದು ಬೇರೊಂದು ಗಿಡದ ಬೇರು, ಅದರಲ್ಲಿ ಕೆಫೆಸ್ಟಾಲ್ ಇಲ್ಲ. ನಮ್ಮ ಕಾನೂನಿನಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಬೇಕು, ಉಳಿದ 49ರವರೆಗೆ ಚಿಕೋರಿ ಇರಬಹುದು. ಚಿಕೋರಿ ಹೆಚ್ಚಿದ್ದಷ್ಟೂ ಒಂದು ಚಮಚ ಪುಡಿಯಲ್ಲಿ ಕಾಫಿಯ ಎಣ್ಣೆ ಕಡಿಮೆ. ಇನ್ನೊಂದು ರೊಬಸ್ಟಾ. ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಈಚೆಗೆ ಉಪಬೆಳೆಯಾಗಿ ಕಾಫಿ ಇಡುವವರು ಹೆಚ್ಚಾಗಿದ್ದಾರೆ, ಅದರಲ್ಲಿ ರೊಬಸ್ಟಾ ಪಾಲು ದೊಡ್ಡದು. ಅರೇಬಿಕಾಕ್ಕೆ ಹೋಲಿಸಿದರೆ ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ, ಕಹ್ವಿಯೋಲ್ ಇಲ್ಲವೆನ್ನುವಷ್ಟು ಅತ್ಯಲ್ಪ. ಆದರೆ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಮನೆಯ ತೋಟದ ಬೀಜ ಒಣಗಿಸಿ, ಹುರಿದು, ಚಿಕೋರಿ ಹಾಕದೆ ಕುಡಿಯುವವರು ಇದನ್ನು ನೆನಪಿಡಬೇಕು. ರಾತ್ರಿ ನಿದ್ದೆ ಬಾರದಿದ್ದರೆ ಅದರ ಕಾರಣ ಕಾಗದವಿಲ್ಲದ್ದಲ್ಲ.

ಕಾಗದ ಮಾಡದ ಕೆಲಸಗಳು

ಕಾಗದದ ಫಿಲ್ಟರಿಗೆ ಅದಕ್ಕಿಲ್ಲದ ಗುಣಗಳನ್ನೆಲ್ಲ ಅಂಟಿಸುವ ವಿಡಿಯೋಗಳು ಬಹಳ ಓಡಾಡುತ್ತಿವೆ. ಹುಳಿತೇಗು ಹೋಗುತ್ತದೆ, ಬಿಪಿ ಇಳಿಯುತ್ತದೆ, ಶುಗರ್ ಹತೋಟಿಗೆ ಬರುತ್ತದೆ ಎಂದೆಲ್ಲ. ಕಾಗದ ತಡೆಯುವುದು ಎಣ್ಣೆಯನ್ನೂ ಕಣಗಳನ್ನೂ. ಕೆಫೀನ್ ನೀರಿನಲ್ಲಿ ಕರಗುವ ವಸ್ತು, ಅದು ಕಾಗದದ ಮೂಲಕ ಪೂರಾ ಇಳಿಯುತ್ತದೆ. ಆಮ್ಲಗಳೂ ಹಾಗೆಯೇ. ಖಾಲಿ ಹೊಟ್ಟೆಯ ಕಾಫಿಯಿಂದ ಎದೆಯುರಿ ಬರುವವರಿಗೆ ಕಾಗದ ಹಾಕಿದರೂ ಬರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದು ಎಂದಿದೆ. 150 ಮಿಲಿಲೀಟರಿನ ಒಂದು ಕಪ್ ಬ್ರೂ ಮಾಡಿದ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್‌ನಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಎಂಬುದು ಅವರ ಲೆಕ್ಕ. ಕಾಗದ ಇದರಲ್ಲಿ ಒಂದಂಕಿಯನ್ನೂ ಬದಲಿಸುವುದಿಲ್ಲ.

ಅದೇ ಮಾರ್ಗಸೂಚಿಯ ಇನ್ನೊಂದು ಮಾತು ನಮ್ಮ ಕಡೆಯ ಹೆಂಗಸರಿಗೆ ಕಾಗದಕ್ಕಿಂತ ಮುಖ್ಯವೆಂದು ನನಗನಿಸುತ್ತದೆ. ಊಟ-ತಿಂಡಿಯ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ-ಚಾ ಬೇಡ, ಯಾಕೆಂದರೆ ಅವುಗಳ ಟ್ಯಾನಿನ್ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಬೆಳಿಗ್ಗೆ ತೆಳ್ಳೇವಿನ (ತೆಳು ದೋಸೆಯ) ಜೊತೆಗೇ ಲೋಟ ಕಾಫಿ ನಮ್ಮಲ್ಲಿ ರೂಢಿ. ಕಾಗದದಲ್ಲಿ ಸೋಸಿದರೂ ಆ ತೊಂದರೆ ಹಾಗೇ ಇರುತ್ತದೆ.

ಇನ್ನು ಹಾಲು ಮತ್ತು ಸಿಹಿ. ನಾರ್ವೆಯಲ್ಲಿ ಸಾಮಾನ್ಯವಾಗಿ ಕುಡಿಯುವುದು ಕರಿ ಕಾಫಿ. ನಮ್ಮದು ಹಾಲಿನ ಕಾಫಿ. ಒಂದು ಲೋಟಕ್ಕೆ 100 ಮಿಲಿಲೀಟರ್ ಹಾಲು ಹಿಡಿಯಿರಿ. 3.5 ಪ್ರತಿಶತ ಕೊಬ್ಬಿನ ಆಕಳ ಹಾಲಾದರೆ ಲೋಟಕ್ಕೆ 3.5 ಗ್ರಾಂ ಕೊಬ್ಬು, ಅದರಲ್ಲಿ 2 ಗ್ರಾಂಗಿಂತ ಹೆಚ್ಚು ಸ್ಯಾಚುರೇಟೆಡ್. 6 ಪ್ರತಿಶತದ ಗಟ್ಟಿ ಹಾಲು ಅಥವಾ ಎಮ್ಮೆಯ ಹಾಲಾದರೆ ಲೋಟಕ್ಕೆ ಸುಮಾರು 4 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಮೂರು ಲೋಟಕ್ಕೆ 12. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಸುಮಾರು 22 ಗ್ರಾಂ. ತೆಂಗಿನಕಾಯಿ, ತುಪ್ಪ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಆಗಲೇ ಅರ್ಧಕ್ಕಿಂತ ಹೆಚ್ಚು ಕಾಫಿಯ ಹಾಲಿನಲ್ಲೇ ಮುಗಿಯಿತು. ಎಲ್‌ಡಿಎಲ್ ಏರಿಸುವುದರಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ದೊಡ್ಡದು. ಎಮ್ಮೆ ಹಾಲಿನ ಗಟ್ಟಿ ಕಾಫಿಯನ್ನು ಕಾಗದದಲ್ಲಿ ಸೋಸಿ ಕುಡಿದು ನೆಮ್ಮದಿ ಪಡುವವರು ಸಣ್ಣ ತೂತು ಮುಚ್ಚಿ ದೊಡ್ಡದನ್ನು ತೆರೆದಿಟ್ಟಿದ್ದಾರೆ. ಫಿನ್ಲೆಂಡ್‌ನ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ 1972ರಲ್ಲಿ ಉತ್ತರ ಕರೇಲಿಯಾ ಪ್ರಾಂತ್ಯದಿಂದ ಶುರುವಾದ ಹೃದಯಾರೋಗ್ಯದ ಅಭಿಯಾನದ ಕಾಲದಲ್ಲಿ ದೇಶದ ಜನರ ಕೊಲೆಸ್ಟರಾಲ್ ಇಳಿಯುತ್ತ ಬಂತು. ಜನ ಕುದಿಸಿದ ಕಾಫಿ ಬಿಟ್ಟು ಸೋಸಿದ ಕಾಫಿಗೆ ಬಂದದ್ದನ್ನೂ ಅದಕ್ಕೆ ಒಂದು ಕಾರಣವಾಗಿ ಎಣಿಸುತ್ತಾರೆ. ಆದರೆ ದೊಡ್ಡ ಪಾಲು ಬೆಣ್ಣೆ, ಕೊಬ್ಬಿನ ಹಾಲು ಕಡಿಮೆಯಾದದ್ದರಿಂದ ಬಂತು.

ಸಿಹಿಯ ಲೆಕ್ಕ ಚಿಕ್ಕದು. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ ಸುಮಾರು 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನವಿಡೀ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಒಳ್ಳೆಯದು. ನಮ್ಮ ಜೋನಿ ಬೆಲ್ಲ ಎಷ್ಟೇ ರುಚಿಯಾದರೂ ಈ ಲೆಕ್ಕದಲ್ಲಿ ಅದೂ ಸಕ್ಕರೆಯೇ.

ವರದಿ ಓದುವಾಗ ಇದೆಲ್ಲ ಯಾಕೆ ಬೇಕು ಎಂದರೆ, ಕೆಫೆಸ್ಟಾಲ್ ಮುಖ್ಯವಾಗಿ ಮುಟ್ಟುವುದು ಎಲ್‌ಡಿಎಲ್ ಸಾಲನ್ನು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದ ವಯಸ್ಕರಲ್ಲಿ ಶೇಕಡಾ 81.2 ಮಂದಿಗೆ ರಕ್ತದ ಕೊಬ್ಬಿನ ಏರುಪೇರು ಇದೆ ಎಂಬ ಸುದ್ದಿ ಎಲ್ಲೆಡೆ ಬಂತು. ಒಡೆದು ನೋಡಿದರೆ ಅದರಲ್ಲಿ ದೊಡ್ಡದು ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಕಡಿಮೆ ಇರುವುದು, ಶೇಕಡಾ 66.9. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) ಹೆಚ್ಚಿರುವವರು 32.1. ಎಲ್‌ಡಿಎಲ್ ಹೆಚ್ಚಿರುವವರು 20.9. ಅಂದರೆ ‘ಕೊಲೆಸ್ಟರಾಲ್ ಇದೆ’ ಎನ್ನುವ ಹಲವರ ನಿಜವಾದ ತೊಂದರೆ ಸಕ್ಕರೆ, ಅನ್ನ-ಮೈದಾಗಳ ಅತಿ, ಹೊಟ್ಟೆಯ ಬೊಜ್ಜು, ನಡಿಗೆ ಇಲ್ಲದಿರುವುದರಿಂದ ಬಂದದ್ದು. ಅವರಿಗೆ ಕಾಗದದಿಂದ ಹೇಳಿಕೊಳ್ಳುವ ಲಾಭವಿಲ್ಲ. ವರದಿಯಲ್ಲಿ ಯಾವ ಸಾಲು ದಪ್ಪಕ್ಷರದಲ್ಲಿದೆ ಎಂದು ಮೊದಲು ನೋಡಬೇಕು.

ಸೋಸಿದ ಕಾಫಿಯಿಂದ ಆಯಸ್ಸು ಹೆಚ್ಚುತ್ತದೆ ಎಂಬ ಮಾತಿಗೂ ಮೂಲವಿದೆ. ನಾರ್ವೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನು ಸರಾಸರಿ 20 ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಬಂತು. ಕಾಫಿಯನ್ನೇ ಕುಡಿಯದವರಿಗಿಂತ ಸೋಸಿದ ಕಾಫಿ ಕುಡಿಯುವವರಲ್ಲಿ ಸಾವಿನ ಪ್ರಮಾಣ ಶೇಕಡಾ 15ರಷ್ಟು ಕಡಿಮೆ ಇತ್ತು, ದಿನಕ್ಕೆ 1ರಿಂದ 4 ಕಪ್ ಕುಡಿಯುವವರಲ್ಲಿ ಅತಿ ಕಡಿಮೆ. ಇದು ಗಮನಿಸಿ ಬರೆದ ಲೆಕ್ಕವೇ ಹೊರತು ಪ್ರಯೋಗವಲ್ಲ. ಸೋಸಿ ಕುಡಿಯುವವರ ಬದುಕಿನ ಉಳಿದ ರೀತಿಗಳೂ ಬೇರೆ ಇರಬಹುದು. ನನ್ನ ಮಟ್ಟಿಗೆ ಈ ಅಧ್ಯಯನದಿಂದ ತೆಗೆದುಕೊಳ್ಳಬೇಕಾದ ಧೈರ್ಯ ಇಷ್ಟು: ಮಿತವಾಗಿ ಸೋಸಿದ ಕಾಫಿ ಕುಡಿಯುವ ಆರೋಗ್ಯವಂತರು ಅಪರಾಧಿ ಭಾವ ಇಟ್ಟುಕೊಳ್ಳಬೇಕಿಲ್ಲ. ಉತ್ತರ ಯುರೋಪಿನ ದೇಶಗಳು ಸೇರಿ 2023ರಲ್ಲಿ ಹೊರತಂದ ಪೋಷಣಾ ಶಿಫಾರಸಿನಲ್ಲೂ ಸೋಸಿದ ಕಾಫಿಗೆ ಅಡ್ಡಿಯಿಲ್ಲ, ಸೋಸದ್ದನ್ನು ಮಿತಿಗೊಳಿಸಿ ಎಂಬ ಮಾತೇ ಇದೆ.

ಮಾಡುವುದಾದರೆ ಹೇಗೆ

ಕಾಗದದ ಫಿಲ್ಟರ್ ಹುಟ್ಟಿದ್ದೂ ಒಬ್ಬ ಗೃಹಿಣಿಯ ಅಡುಗೆಮನೆಯಲ್ಲಿ. ಜರ್ಮನಿಯ ಡ್ರೆಸ್ಡೆನ್‌ನ ಮೆಲಿಟ್ಟಾ ಬೆಂಟ್ಜ್ 1908ರಲ್ಲಿ ಮಗನ ಶಾಲಾಪುಸ್ತಕದ ಹೀರುಕಾಗದವನ್ನು ತೂತು ಕೊರೆದ ಹಿತ್ತಾಳೆ ಪಾತ್ರೆಯಲ್ಲಿಟ್ಟು ಕಾಫಿ ಸೋಸಿದರು. ಅವರಿಗೆ ಬೇಕಿದ್ದದ್ದು ಚರಟವಿಲ್ಲದ, ಕಹಿ ಕಡಿಮೆಯ ಕಾಫಿ. ಕೊಲೆಸ್ಟರಾಲಿನ ಲಾಭ ಯಾರೂ ಎಣಿಸದೆ ಬಂದದ್ದು.

ನಮ್ಮ ಹಾಲಿನ ಕಾಫಿಗೆ ಪೇಟೆಯ ಕೆಫೆಗಳ ತೆಳು ಪೋರ್-ಓವರ್ (ಕಾಗದದಲ್ಲಿಟ್ಟ ಪುಡಿಯ ಮೇಲೆ ಬಿಸಿನೀರು ಸುರಿದು ಇಳಿಸಿದ ಕಾಫಿ) ಒಗ್ಗುವುದಿಲ್ಲ. ಮೊದಲ ದಿನವೇ ‘ಇದೆಂಥ ನೀರು ಕಾಫಿ’ ಎಂದು ಬಿಡುವವರು ಹೆಚ್ಚು. ಹಾಗಾಗಿ ಅಳತೆ ಬದಲಿಸಬೇಕು. ಕರಿ ಕಾಫಿಗೆ 15 ಗ್ರಾಂ ಪುಡಿಗೆ 250 ಮಿಲಿಲೀಟರ್ ನೀರು ಸಾಕಾದರೆ, ಹಾಲು ಬೆರೆಸಲು 20 ಗ್ರಾಂಗೆ 150 ಮಿಲಿಲೀಟರಿನಷ್ಟು ಇರಲಿ. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು, ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಕಾಗದದ ಅಂಚಿನ ಮೇಲೆ ನೀರು ಉಕ್ಕಿದರೆ ಪುಡಿ ಪಕ್ಕದಿಂದ ಜಾರಿ ಕೆಳಗಿಳಿಯುತ್ತದೆ, ಆಗ ಕಾಗದ ಇದ್ದೂ ಇಲ್ಲದಂತೆ. ಸ್ಟೀಲ್ ಫಿಲ್ಟರಿಗೆಂದು ನುಣ್ಣಗೆ ಬೀಸಿದ, ಚಿಕೋರಿ ಹೆಚ್ಚಿರುವ ಪುಡಿ ಕಾಗದದಲ್ಲಿ ಕಟ್ಟಿಕೊಂಡು ನಿಲ್ಲುತ್ತದೆ. ಪುಡಿ ಕೊಳ್ಳುವ ಅಂಗಡಿಯಲ್ಲಿ ಸ್ವಲ್ಪ ತರಿ ಬೀಸಿಕೊಡಿ ಎಂದು ಕೇಳಿ.

ಸ್ಟೀಲ್ ಫಿಲ್ಟರಿನ ರುಚಿ ಬಿಡಲಾಗದವರಿಗೆ ಇನ್ನೂ ಸುಲಭದ ದಾರಿಯಿದೆ. ಡಿಕಾಕ್ಷನ್ ಎಂದಿನಂತೆಯೇ ಇಳಿಸಿ, ಹಾಲು ಬೆರೆಸುವ ಮೊದಲು ಒಮ್ಮೆ ಕಾಗದದ ಕೋನ್‌ನಲ್ಲೋ ಒತ್ತು ನೇಯ್ಗೆಯ ಬಟ್ಟೆಯಲ್ಲೋ ಹಾಯಿಸಿ. ನಿಧಾನವಾಗಿ ಇಳಿಯುತ್ತದೆ, ಬೆಚ್ಚಗಿರುವಾಗಲೇ ಮಾಡಿದರೆ ಬೇಗ. ಕುದಿಸಿದ ಕಾಫಿಯನ್ನು ಆಮೇಲೆ ಸೋಸಿದರೂ ಫಲ ಸಿಗುತ್ತದೆ ಎಂಬುದನ್ನು ಡಚ್ಚರ ಪ್ರಯೋಗವೂ ಸ್ವೀಡನ್ನಿನ ಅಳತೆಯೂ ತೋರಿಸಿವೆಯಾದ್ದರಿಂದ ಇದನ್ನು ಧೈರ್ಯವಾಗಿ ಹೇಳಬಹುದು. ಹಾಲು ಬೆರೆಸಿದ ಮೇಲೆ ಸೋಸಲು ಹೋಗಬೇಡಿ, ಕಾಗದ ಕಟ್ಟಿಕೊಳ್ಳುತ್ತದೆ. ಟಿಶ್ಯೂ, ಪತ್ರಿಕೆಯ ಕಾಗದ ಬೇಡವೇ ಬೇಡ. ಒಂದು ಒದ್ದೆಯಾದರೆ ಹರಿಯುತ್ತದೆ, ಇನ್ನೊಂದರ ಶಾಯಿ ಹೊಟ್ಟೆಗೆ ಹೋಗುತ್ತದೆ. ಬಿಳಿ ಕಾಗದವೋ ಕಂದು ಕಾಗದವೋ ಎಂಬ ಚಿಂತೆ ಬೇಕಿಲ್ಲ, ಬಿಸಿನೀರಿನಿಂದ ಒಮ್ಮೆ ತೊಳೆದರೆ ಕಾಗದದ ವಾಸನೆ ಹೋಗುತ್ತದೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಬೆಂಕಿಪೆಟ್ಟಿಗೆಯೂ ಹೊತ್ತುವುದಿಲ್ಲ, ಇನ್ನು ಕಾಗದದ ಪೊಟ್ಟಣ ಬಿಚ್ಚಿಟ್ಟರೆ ಮುಗ್ಗಲು ಹಿಡಿಯುತ್ತದೆ. ಪುಡಿಯಂತೆಯೇ ಅದನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಅರಿವೆಗೆ ಇದು ಇನ್ನೂ ಕಠಿಣ ಕಾಲ. ಒದ್ದೆ ಬಟ್ಟೆಯಲ್ಲಿ ಉಳಿದ ಕಾಫಿಯೆಣ್ಣೆ ಕಮಟು ವಾಸನೆ ಹಿಡಿಯುತ್ತದೆ, ಬೂಸಲು ಬರುತ್ತದೆ. ಸೋಪು ಹಾಕದೆ ತೊಳೆದು, ಕುದಿಯುವ ನೀರಿನಲ್ಲಿ ಅದ್ದಿ, ಒಲೆಯ ಮೇಲ್ಗಡೆ ಒಣಗಲು ಹಾಕುವುದು ಹಿಂದಿನವರ ಕ್ರಮ. ಎರಡು ಬಟ್ಟೆ ಇಟ್ಟುಕೊಂಡು ಸರದಿಯಲ್ಲಿ ಬಳಸಿದರೆ ಅನುಕೂಲ. ಕಪ್ಪು ಚುಕ್ಕೆ ಕಂಡರೆ ಎಸೆದುಬಿಡಬೇಕು. ಇಷ್ಟು ಜತನ ಮಾಡಲಾಗದ ಮನೆಯಲ್ಲಿ ಮಳೆಗಾಲಕ್ಕೆ ಕಾಗದವೇ ವಾಸಿ. ಬಳಸಿದ ಕಾಗದ ಚರಟದ ಸಮೇತ ಗೊಬ್ಬರದ ಗುಂಡಿಗೆ ಹೋಗಬಹುದು.

ಹಾಗಾದರೆ ಯಾರು ಬದಲಿಸಬೇಕು? ಎಲ್‌ಡಿಎಲ್ ಹೆಚ್ಚಿದ್ದು, ದಿನಕ್ಕೆ ಎರಡು-ಮೂರು ಲೋಟಕ್ಕಿಂತ ಹೆಚ್ಚು ಕುದಿಸಿದ ಅಥವಾ ಪ್ರೆಸ್ ಕಾಫಿ ಕುಡಿಯುವವರು ಇವತ್ತೇ ಬದಲಿಸಲಿ. ಹೃದಯದ ತೊಂದರೆ ಆದವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿರುವವರು ಸ್ಟೀಲ್ ಫಿಲ್ಟರಿನ ಕಾಫಿಯನ್ನೂ ಒಮ್ಮೆ ಸೋಸಿ ಕುಡಿಯುವುದು ಒಳ್ಳೆಯದು. ಇನ್‌ಸ್ಟಂಟ್ ಕುಡಿಯುವವರು, ದಿನಕ್ಕೊಂದು ಲೋಟ ಚಿಕೋರಿ ಕಾಫಿ ಕುಡಿಯುವ ಆರೋಗ್ಯವಂತರು ಕಾಗದಕ್ಕೆ ದುಡ್ಡು ಸುರಿಯಬೇಕಿಲ್ಲ.

ಬದಲಿಸಿದವರು ಫಲ ನೋಡಲು ವರ್ಷ ಕಾಯಬೇಕಿಲ್ಲ. ಕೆಫೆಸ್ಟಾಲಿನ ಪರಿಣಾಮ ಬರುವುದೂ ಹೋಗುವುದೂ ಕೆಲವು ವಾರಗಳಲ್ಲಿ. ಊಟ, ಮಾತ್ರೆ, ಹಾಲು ಯಾವುದನ್ನೂ ಬದಲಿಸದೆ ಸೋಸುವ ಕ್ರಮವೊಂದನ್ನೇ ಬದಲಿಸಿ, ಎರಡು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಲಿಪಿಡ್ ಪ್ರೊಫೈಲ್ ಮಾಡಿಸಿ ಎರಡೂ ವರದಿ ಪಕ್ಕಪಕ್ಕ ಇಟ್ಟು ನೋಡಿ. ಕೆಲವು ಅಂಕದ ಏರಿಳಿತ ಪರೀಕ್ಷೆಯದೇ ಇರಬಹುದು, ಹತ್ತು-ಹದಿನೈದು ಇಳಿದಿದ್ದರೆ ಕಾಫಿಯ ಎಣ್ಣೆಗೂ ಅದರಲ್ಲಿ ಪಾಲು ಇದ್ದಿರಬಹುದು. ಕದಲದೇ ಇದ್ದರೆ ಕಾಫಿಯನ್ನು ದೂರುವುದು ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಥೈರಾಯ್ಡ್ ಕುಂದಿದ್ದರೂ ಎಲ್‌ಡಿಎಲ್ ಏರುತ್ತದೆ, ಅದಕ್ಕೊಂದು ಸರಳ ಪರೀಕ್ಷೆ ಇದೆ. ಅಂಕಿ 190 ದಾಟಿದ್ದರೆ ಅದು ವಂಶದಿಂದ ಬಂದದ್ದಿರಬಹುದು, ಆಗ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.